ರೆಕ್ಕೆಯ ಹೊಟ್ಟೆ

ಬೆರಳು ಅಂಟಿಕೊಂಡಿತು.

ಸೆರಗಿಗೆ ಒರೆಸಿಕೊಂಡು ಮತ್ತೆ ಮುಟ್ಟಿದೆ. ಮತ್ತೆ ಅಂಟಿತು. ರೇಸ್ ಡ್ರೈವರ್ ಮಿಂಚುಳ್ಳಿಯ ಪ್ರಾಣ ತೆಗೆದ ಕಾರಿನ ಹಿಂದಿನ ರೆಕ್ಕೆ ಗುಜರಿ ಶೆಡ್ಡಿನ ನೆಲದ ಮೇಲೆ ಬಿದ್ದಿತ್ತು. ನಾನು ಅದರ ಪಕ್ಕ ಮಂಡಿಯೂರಿ ಕೂತು, ಅದರ ಅಡಿಗೆ ಕೈ ತೂರಿಸಿದ್ದೆ. ಹೊರಗೆಳೆದು ನೋಡಿದರೆ ತೋರುಬೆರಳಿನ ತುದಿಯಲ್ಲಿ ಹಳೆಯ ಗೋಂದಿನ ಕಪ್ಪು ಕಲೆ.

"ಏನಾಯ್ತು ಇನ್ಸ್‌ಪೆಕ್ಟರಮ್ಮ?" ಎಂದು ಸ್ಟಿಕ್ಕರಣ್ಣ ಬಗ್ಗಿದ.

ರೇಸ್ ಕಾರುಗಳ ಮೈಮೇಲೆ ನಂಬರು, ಹೆಸರು, ಬೆಂಕಿಯ ನಾಲಿಗೆ ಅಂಟಿಸುವುದು ಅವನ ಕಸುಬು. ಈ ವರ್ಕ್‌ಶಾಪಿನಲ್ಲಿ ಅವನಿಗೆ ಬೇರೆ ಹೆಸರೇ ಉಳಿದಿಲ್ಲ. ನನ್ನ ಕಥೆಯೂ ಅದೇ. ವಾಹನ ತಪಾಸಣೆಯ ಕೆಲಸದಿಂದ ನಿವೃತ್ತಳಾಗಿ ವರ್ಷ ಕಳೆದರೂ ಇನ್ಸ್‌ಪೆಕ್ಟರಮ್ಮ ಎಂಬುದು ಹೋಗಿಲ್ಲ.

ಒಂಬತ್ತು ದಿನಗಳ ಹಿಂದೆ ಟ್ರ್ಯಾಕಿನ ಉದ್ದನೆಯ ತಿರುವಿನಲ್ಲಿ ಮಿಂಚುಳ್ಳಿಯ ಕಾರಿನ ಹಿಂಭಾಗ ಎದ್ದು, ಗಿರ್ರನೆ ತಿರುಗಿ ಗೋಡೆಗೆ ಬಡಿದಿತ್ತು. ಆ ಕಾರನ್ನು ನೋಡಿ ಸರಿ ಇದೆ ಎಂದವನು ನನ್ನ ಒಡಹುಟ್ಟಿದ ಅಣ್ಣ. ಬೇರೆ ಕಾರಣ ಸಿಗದಿದ್ದರೆ ಇವತ್ತು ಸಂಜೆ ಪೊಲೀಸರು ಅವನನ್ನು ಕರೆದೊಯ್ಯುತ್ತಾರೆ.

"ರೆಕ್ಕೆ ಕೆಳಗಡೆ ಯಾಕೆ ಸ್ಟಿಕ್ಕರ್ ಅಂಟಿಸಿದ್ದೆ?" ಎಂದು ಕೇಳಿದೆ.

"ಕೆಳಗಡೆನಾ? ದೇವರಾಣೆ ಇಲ್ಲ. ರೆಕ್ಕೆ ಹೊಟ್ಟೆಗೆ ನಾವು ಯಾವತ್ತೂ ಏನೂ ಅಂಟ್ಸಲ್ಲ. ಅಂಟಿಸಿದ್ರೆ ನಿಮ್ಮಣ್ಣ ನನ್ನ ಕೈ ಮುರೀತಾರೆ."

"ಯಾಕೋ, ಅಂಥದ್ದೇನಿದೆ ಹೊಟ್ಟೇಲಿ?"

"ಉಬ್ಬಿರೋ ಕಡೆನೇ ಹೊಟ್ಟೆ, ಗಾಳಿ ಕೆಲಸ ಮಾಡೋದೇ ಅಲ್ಲಮ್ಮ. ಹೊಟ್ಟೆ ಕನ್ನಡಿ ಥರ ನುಣ್ಣಗಿರಬೇಕು. ಚಿಕ್ಕವರಿದ್ದಾಗ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಹಾಕಿದ್ದೀರಲ್ಲ? ಅಂಗೈನ ಚೂರು ಮೇಲಕ್ಕೆ ಓರೆ ಮಾಡಿದ್ರೆ ಗಾಳಿ ಕೈನ ಎತ್ತುತ್ತೆ. ಕೆಳಕ್ಕೆ ಓರೆ ಮಾಡಿದ್ರೆ ಒತ್ತುತ್ತೆ. ವಿಮಾನದ ರೆಕ್ಕೆ ಎತ್ತೋಕೆ. ಕಾರಿನ ರೆಕ್ಕೆ ಒತ್ತೋಕೆ. ವಿಮಾನದ್ದನ್ನೇ ಮಗುಚಿ ಹಾಕಿದ ಹಾಗೆ. ಜೋರಾಗಿ ತಿರುಗೋವಾಗ ಹಿಂದಿನ ಟೈರು ನೆಲ ಬಿಡಬಾರದಲ್ಲ, ಅದಕ್ಕೆ."

"ಮಾಲೀಕರ ಕಾರಲ್ಲೂ ಒಂದಿದೆಯಲ್ಲ?"

"ಅದು ಸ್ಪಾಯ್ಲರು. ಡಿಕ್ಕಿ ಅಂಚಿಗೇ ಕೂತಿರುತ್ತೆ. ಛಾವಣಿ ಮೇಲಿಂದ ಜಾರಿ ಬರೋ ಗಾಳಿ ಓಟಾನ ಅಲ್ಲೇ ಕೆಡಿಸಿ, ಹಿಂಭಾಗ ಹಗುರ ಆಗದ ಹಾಗೆ ನೋಡ್ಕೊಳ್ಳುತ್ತೆ. ಆದ್ರೆ ಅವರು ಓಡಿಸೋ ಸ್ಪೀಡಿಗೆ ಅದು ಟವೆಲ್ ಒಣಗಿಸೋಕಷ್ಟೇ ಲಾಯಕ್ಕು."

ನಗು ಬಾಯಿವರೆಗೆ ಬಂದು ನಿಂತಿತು. ರೆಕ್ಕೆಯ ಒಂದು ತುದಿಯಲ್ಲಿ ಅದನ್ನು ಹಿಡಿದಿದ್ದ ಪಕ್ಕದ ತಗಡು ಇನ್ನೂ ಉಳಿದಿತ್ತು. ತಗಡಿಗೆ ಡಿಕ್ಕಿಯ ಮೇಲೆ ಊರುವ ಕಾಲಿತ್ತು. ಕಾಲು ಇರುವ ಕಡೆಯೇ ನೆಲದ ಕಡೆ. ನನ್ನ ಬೆರಳು ಅಂಟಿದ್ದೂ ಆ ಕಡೆಯೇ.

ಸ್ಟಿಕ್ಕರಣ್ಣ ತಾನೂ ಅಡಿಗೆ ಕೈ ಹಾಕಿದ. ರೆಕ್ಕೆಯ ಉಬ್ಬು ಹುಡುಕುತ್ತ ಅಂಗೈ ಸವರಿದ. ಮೇಲೆ ಸವರಿದ, ಮತ್ತೆ ಕೆಳಗೆ ಸವರಿದ. ಅವನ ಮುಖದ ಬಣ್ಣ ಇಳಿಯಿತು.

"ಅಮ್ಮಾ, ಕೆಳಗಿರೋದು ಬೆನ್ನು. ನಾನು ಅಂಟಿಸಿದ್ದು ಬೆನ್ನಿಗೆ. ಈಗ ಸ್ಟಿಕ್ಕರ್ ಇರೋದು ಹೊಟ್ಟೆ ಮೇಲೆ."

"ಬಿಡಿಸಿ ಹೇಳು."

"ಯಾರೋ ಬೆನ್ನಿನ ಸ್ಟಿಕ್ಕರ್ ಕಿತ್ತಿದ್ದಾರೆ. ಹೊಟ್ಟೆಗೆ ಹೊಸದು ಅಂಟಿಸಿದ್ದಾರೆ. ಆಮೇಲೆ ರೆಕ್ಕೆನ ಮಗುಚಿ ಕೂರಿಸಿದ್ದಾರೆ. ಎರಡೂ ತುದಿಗೆ ಎರಡೆರಡೇ ಬೋಲ್ಟು, ಮಗುಚಿದ್ರೂ ತೂತಿಗೆ ತೂತು ಸರಿಯಾಗಿ ಕೂರುತ್ತೆ." ಅವನು ಕೈ ಹಿಂದಕ್ಕೆಳೆದುಕೊಂಡ. "ಇದು ಒತ್ತಿಲ್ಲಮ್ಮ. ಎತ್ತಿದೆ."

"ಮೊದಲ ಸುತ್ತಲ್ಲೇ ಮಿಂಚುಳ್ಳಿಗೆ ಗೊತ್ತಾಗ್ತಿರಲಿಲ್ವಾ?"

"ನಿಧಾನಕ್ಕೆ ಹೋದ್ರೆ ರೆಕ್ಕೆ ಇದ್ರೂ ಒಂದೇ ಇಲ್ದಿದ್ರೂ ಒಂದೇ. ಅವನು ಜೋರಾಗಿ ಹೋಗೋವರೆಗೂ ಅದು ಸುಮ್ಮನೆ ಕಾದಿದೆ."

ಮಧ್ಯಾಹ್ನ ಮೂರರ ಬಿಸಿಲು ಶೆಡ್ಡಿನ ತಗಡಿನ ಮೇಲೆ ಸುಡುತ್ತಿತ್ತು.

ಒಂದು ವಿಷಯ ನನ್ನನ್ನು ಕೊರೆಯತೊಡಗಿತು. ರೆಕ್ಕೆಯನ್ನು ಮಗುಚಿದ್ದು ಕೊಲ್ಲುವುದಕ್ಕೆ. ಸರಿ. ಆದರೆ ಸ್ಟಿಕ್ಕರ್ ಯಾಕೆ ಬದಲಾಯಿಸಬೇಕಿತ್ತು? ಕಣ್ಣಿಟ್ಟು ನೋಡುವವನಿಗೆ ರೆಕ್ಕೆಯ ಉಬ್ಬೇ ಸಾಕು, ಸ್ಟಿಕ್ಕರ್ ಎಲ್ಲಿದ್ದರೂ ಮೋಸ ಹೋಗುವುದಿಲ್ಲ. ಸ್ಟಿಕ್ಕರಿನಿಂದ ಮೋಸ ಹೋಗುವವನು ಒಬ್ಬನೇ, ಬೆರಳಿನಿಂದ ತಡವಿ ಅದರ ಅಂಚು ಹುಡುಕುವವನು.

ಉಳಿದಿದ್ದ ತಗಡಿನ ಬೋಲ್ಟುಗಳನ್ನು ನೋಡಿದೆ. ಇಲ್ಲಿಯ ಪದ್ಧತಿ ಹೀಗಿದೆ: ಬೋಲ್ಟು ಬಿಗಿಯುವವನು ಒಬ್ಬ, ಪರೀಕ್ಷಿಸುವವನು ಇನ್ನೊಬ್ಬ. ಪರೀಕ್ಷಿಸಿದವನು ಬೋಲ್ಟಿನ ತಲೆಯಿಂದ ತಗಡಿನವರೆಗೆ ಬಣ್ಣದ ಪೆನ್ನಿನಲ್ಲಿ ಒಂದು ಗೀಟು ಎಳೆಯುತ್ತಾನೆ. ಬೋಲ್ಟು ಸಡಿಲಾದರೆ ಗೀಟು ಮುರಿಯುತ್ತದೆ. ಅಣ್ಣನದು ಹಳದಿ. ಆ ಹಳದಿ ಇಲ್ಲದೆ ಗೇಟಿನವರು ಯಾವ ಕಾರನ್ನೂ ಟ್ರ್ಯಾಕಿಗೆ ಬಿಡುವುದಿಲ್ಲ.

ಮೊದಲ ಬೋಲ್ಟಿನ ಗೀಟು ನೇರವಾಗಿತ್ತು. ಎರಡನೆಯದು ಬೋಲ್ಟನ್ನು ಮುಟ್ಟಿಯೇ ಇರಲಿಲ್ಲ. ಒಂದು ಬೆರಳಿನಷ್ಟು ಆಚೆ, ಬರೀ ತಗಡಿನ ಮೇಲೆ ಎಳೆದಿತ್ತು.

ಮೂರು ದಿನದ ಹಿಂದೆ ಊಟಕ್ಕೆ ಕೂತಾಗ ಅಣ್ಣ ಲೋಟದ ಪಕ್ಕಕ್ಕೆ ನೀರು ಬಗ್ಗಿಸಿದ್ದ. ವಯಸ್ಸಾಯ್ತು ನಿನಗೆ ಎಂದು ನಾನು ಗೇಲಿ ಮಾಡಿದ್ದೆ. ಅವನೂ ನಕ್ಕಿದ್ದ.

"ಸ್ಟಿಕ್ಕರಣ್ಣ, ನಿನ್ನ ಫೋನ್ ಇಲ್ಲಿ ಕೊಡು. ತಪಾಸಣೆ ಕೋಣೆಯ ಸ್ಟ್ಯಾಂಡಿನಲ್ಲಿ ಹಳೇ ರೆಕ್ಕೆ ಒಂದಿದೆಯಲ್ಲ, ಅದನ್ನು ಮಗುಚಿ ಕೂರಿಸಿ ಹೊಟ್ಟೆಗೆ ಒಂದು ಸ್ಟಿಕ್ಕರ್ ಅಂಟಿಸು. ಆಮೇಲೆ ಇಲ್ಲಿಗೇ ಬಂದು ಒಳಗಿಂದ ಬಾಗಿಲು ಹಾಕ್ಕೊಂಡು ಕೂತಿರು. ಯಾರ ಹತ್ತಿರಾನೂ ಪಿಟಕ್ಕನ್ನಬೇಡ."

"ಫೋನ್ ಯಾಕಮ್ಮ?"

"ನಿನ್ನ ಬಾಯಿ ಮೇಲೆ ನನಗೆ ನಂಬಿಕೆ ಇದೆ. ಬೆರಳಿನ ಮೇಲಿಲ್ಲ."

ಫೋನ್ ನನ್ನ ಕೈಚೀಲ ಸೇರಿತು. ಕಾಲು ಗಂಟೆಯಲ್ಲಿ ಅವನು ಕೆಲಸ ಮುಗಿಸಿ ಬಂದ. ಶೆಡ್ಡಿನ ಚಿಲಕ ಬಿದ್ದ ಸದ್ದು ಕೇಳಿಸಿಕೊಂಡೇ ನಾನು ಹೊರಟೆ.

ಅಣ್ಣ ಅಂಗಳದ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದ. ಹಳದಿ ಪೆನ್ನು ಎಂದಿನಂತೆ ಕಿವಿಯ ಮೇಲೆ.

"ಅಣ್ಣ, ಒಳಗೆ ಒಂದು ರೆಕ್ಕೆ ಕೂರಿಸಿದ್ದಾರೆ. ನೋಡಿ ಗೀಟು ಹಾಕ್ತೀಯಾ?"

"ಈಗಲೇ ಬೇಕಾ ಪುಟ್ಟಿ?" ಅರವತ್ತು ದಾಟಿದರೂ ಅವನಿಗೆ ನಾನು ಪುಟ್ಟಿಯೇ. "ನಾಲ್ಕಕ್ಕೆ ಮಗಳು ಟ್ರ್ಯಾಕಿಗೆ ಇಳೀತಾಳೆ. ನಾನು ಅಲ್ಲಿರಬೇಕು."

"ಎರಡು ನಿಮಿಷದ ಕೆಲಸ."

ಅವನು ಎದ್ದ. ಎಣಿಸಿಟ್ಟಂತೆ ಹೆಜ್ಜೆ ಹಾಕುತ್ತ ಕೋಣೆಗೆ ಬಂದ. ಇಷ್ಟು ದಿನ ಅದನ್ನು ಶಿಸ್ತು ಎಂದುಕೊಂಡಿದ್ದೆನಲ್ಲ ಎಂದು ನನಗೆ ಅಳು ಬಂದಿತು. ಸ್ಟ್ಯಾಂಡಿನ ಮುಂದೆ ನಿಂತು ರೆಕ್ಕೆಯ ಕಡೆ ಮುಖ ಮಾಡಿದ. ಬಲಗೈ ಚಾಚಿ ಅದರ ಮೇಲ್ಭಾಗವನ್ನು ಎಡ ತುದಿಯಿಂದ ಸವರುತ್ತ ಬಂದ. ಬೆರಳಿಗೆ ಸ್ಟಿಕ್ಕರಿನ ಅಂಚು ಸಿಕ್ಕಿತು. ಅಷ್ಟಕ್ಕೇ ತಲೆಯಾಡಿಸಿದ.

ಹೇಳಿಬಿಡು ಅಣ್ಣ, ತಪ್ಪಿದೆ ಅಂತ ಹೇಳಿಬಿಡು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಅವನು ಸ್ಪ್ಯಾನರ್ ಹಾಕಿ ನಾಲ್ಕೂ ಬೋಲ್ಟು ಅಲುಗಿಸಿ ನೋಡಿದ. ಪೆನ್ನು ತೆಗೆದು ನಾಲ್ಕು ಗೀಟು ಎಳೆದ.

"ಸರಿಯಾಗಿದೆ."

ರೆಕ್ಕೆ ಮಗುಚಿ ಬಿದ್ದ ಆಮೆಯ ಹಾಗೆ ನಮ್ಮಿಬ್ಬರ ನಡುವೆ ಇತ್ತು.

"ಎಷ್ಟು ದಿನ ಆಯ್ತು ಅಣ್ಣ?"

"ಏನು ಎಷ್ಟು ದಿನ?"

"ಕಣ್ಣು ಹೋಗಿ."

"ತಲೆ ಕೆಟ್ಟಿದೆಯಾ ನಿನಗೆ? ನಲವತ್ತು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ. ನನ್ನ ಕಣ್ಣು ಪರೀಕ್ಷೆ ಮಾಡೋಕೆ ಬಂದಿದ್ದೀಯಾ ನೀನು?"

ಅವನ ದನಿ ಜೋರಾಗಿತ್ತು, ಆದರೆ ಸಿಟ್ಟಿನದಾಗಿರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪನ ಮುಂದೆ ಸುಳ್ಳು ಹೇಳುವಾಗ ಇದೇ ದನಿ ತೆಗೆಯುತ್ತಿದ್ದ. ನಾನು ಅವನ ಕೈ ಹಿಡಿದು ರೆಕ್ಕೆಯ ಅಡಿಗೆ ಒಯ್ದೆ. ಅಂಗೈ ಪೂರ್ತಿ ಒತ್ತಿ ಹಿಡಿದೆ.

"ಸ್ಟಿಕ್ಕರ್ ಮರೆತುಬಿಡು. ಉಬ್ಬು ನೋಡು."

ಅವನ ಅಂಗೈ ಒಂದು ಸಲ ಹೋಗಿ ಬಂದಿತು. ಮತ್ತೊಂದು ಸಲ ಹೋಯಿತು, ನಡುವೆಯೇ ನಿಂತಿತು.

"ಬೆನ್ನು ಕೆಳಗಿದೆ" ಎಂದ.

"ಹೂಂ."

"ಅವತ್ತೂ ಹೀಗೇ ಇತ್ತಾ?"

"ಹೌದು."

ಅವನು ನೆಲದ ಮೇಲೇ ಕುಸಿದು ಕೂತ. ನನ್ನ ಅಣ್ಣ ಅಳುವುದನ್ನು ಅತ್ತಿಗೆ ತೀರಿಕೊಂಡ ದಿನ ನೋಡಿದ್ದೆ, ಅದಾದ ಮೇಲೆ ಇವತ್ತೇ. "ಆರು ತಿಂಗಳಾಯ್ತು ಪುಟ್ಟಿ. ಕಣ್ಣಿನ ನರ ಒಣಗ್ತಿದೆಯಂತೆ. ಎದುರಿಗೆ ಇರೋದೆಲ್ಲ ಮಂಜು ಮಂಜು. ಹೇಳಿದ್ರೆ ಮನೇಲಿ ಕೂರಿಸ್ತಾರೆ ಅಂತ ಹೆದರಿದೆ. ನನ್ನ ಬೆರಳು ಸಾಕು ಅಂದ್ಕೊಂಡೆ. ಆ ಹುಡುಗನನ್ನ ನಾನೇ ಕೊಂದುಬಿಟ್ಟೆ."

"ಕೊಂದಿದ್ದು ನೀನಲ್ಲ. ನಿನಗೆ ಕಾಣಲ್ಲ ಅಂತ ಗೊತ್ತಿದ್ದವರು. ಯಾರ್ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ. ಡಾಕ್ಟರಿಗೆ ಗೊತ್ತು. ಇನ್ನು ಮಗಳಿಗೆ. ಬೆಳಿಗ್ಗೆ ಸಂಜೆ ಕಣ್ಣಿಗೆ ಡ್ರಾಪ್ಸ್ ಹಾಕೋದು ಅವಳೇ ತಾನೇ. ಹೊರಗೆ ಬಾಯಿ ಬಿಡಲ್ಲ ಅಂತ ಆಣೆ ಹಾಕಿಸ್ಕೊಂಡಿದ್ದೀನಿ."

ಮಗಳು ಎಂದ ಕೂಡಲೇ ನನ್ನ ಎದೆ ಧಸಕ್ಕೆಂದಿತು. ಆದರೆ ಯೋಚನೆ ಹೋದದ್ದು ಬೇರೆ ಕಡೆಗೆ. ನಾಲ್ಕು ಗಂಟೆಗೆ ಅವಳು ಟ್ರ್ಯಾಕಿಗೆ ಇಳಿಯುತ್ತಾಳೆ. ಇಷ್ಟು ದಿನ ಎರಡನೆಯವಳಾಗಿದ್ದವಳು ಇವತ್ತು ಮಿಂಚುಳ್ಳಿಯ ಜಾಗಕ್ಕೆ, ಮೊದಲ ಡ್ರೈವರಾಗಿ.

"ಅಣ್ಣ, ಅವಳ ಕಾರಿನ ರೆಕ್ಕೆ?"

"ಬೆಳಿಗ್ಗೆ ನಾನೇ ನೋಡಿದೆ." ಅವನು ತನ್ನ ಕೈ ಎತ್ತಿ ಹಿಡಿದ. "ಬೆರಳಲ್ಲೇ ನೋಡಿದೆ ಪುಟ್ಟಿ."

ಗೋಡೆ ಗಡಿಯಾರದಲ್ಲಿ ಮೂರೂ ನಲವತ್ತೆಂಟು. ವರ್ಕ್‌ಶಾಪಿನ ಹಿಂಬಾಗಿಲಿನಿಂದ ಟ್ರ್ಯಾಕಿಗೆ ಐದು ನಿಮಿಷದ ದಾರಿ. ಅಣ್ಣ ನನ್ನ ಭುಜ ಹಿಡಿದುಕೊಂಡ, ಇಬ್ಬರೂ ಓಡಿದೆವು. ಮೊಣಕಾಲು ನೋವಿನ ನಾನು, ಕಣ್ಣಿಲ್ಲದ ಅವನು. ಎರಡು ಸಲ ಎಡವಿದೆವು. ದಾರಿಯುದ್ದಕ್ಕೂ ನಾವು ಯಾರೊಡನೆಯೂ ಮಾತಾಡಲಿಲ್ಲ, ಒಬ್ಬರನ್ನೊಬ್ಬರು ಬಿಡಲೂ ಇಲ್ಲ.

ಅವಳನ್ನು ನಾನು ಕರೆಯುವುದು ಕೂಸು ಎಂದೇ. ತಾಯಿ ಹೋದಾಗ ಅವಳಿಗೆ ನಾಲ್ಕು ವರ್ಷ. ತಲೆ ಬಾಚಿದ್ದು, ಶಾಲೆಗೆ ಬಿಟ್ಟಿದ್ದು, ಸೈಕಲ್ ಕಲಿಸಿದ್ದು ನಾನೇ. ಆ ಗೋಡೆ, ಆ ತಿರುವು, ಅದಕ್ಕೆ ಬಡಿದ ಅವಳ ಕಾರು, ಓಡುವಾಗ ನನ್ನ ಕಣ್ಣ ಮುಂದೆ ಇಷ್ಟೇ ಇತ್ತು.

ಗೇಟಿನ ಹತ್ತಿರ ಇಂಜಿನ್ ಗುರುಗುಟ್ಟುತ್ತಿತ್ತು. ಕಾರು ಇನ್ನೂ ಹೊರಟಿರಲಿಲ್ಲ. ನನಗೆ ಜೀವ ಬಂದಂತಾಯಿತು.

"ಯಾಕತ್ತೆ ಹೀಗೆ ಏದುಸಿರು ಬಿಡ್ತಿದ್ದೀರಾ?" ಕೂಸು ಹೆಲ್ಮೆಟ್ ತೆಗೆದು ನಕ್ಕಳು. "ಅಪ್ಪನ್ನೂ ಓಡಿಸ್ಕೊಂಡು ಬಂದಿದ್ದೀರಲ್ಲ!"

"ಹೊರಡೋ ಮುಂಚೆ ರೆಕ್ಕೆ ಒಂದ್ಸಲ ನೋಡ್ಬೇಕು" ಎಂದೆ. ಅಷ್ಟೇ ಹೇಳಿದೆ.

ಅಣ್ಣ ಕಿವಿಯ ಮೇಲಿನ ಪೆನ್ನು ತೆಗೆದು ನನ್ನ ಕೈಗಿಟ್ಟ. "ನನ್ನ ಗೀಟು ಒರೆಸು ಪುಟ್ಟಿ. ಇವತ್ತು ನೀನು ನೋಡು, ನೀನೇ ಎಳೆ."

ಚಿಂದಿ ಬಟ್ಟೆಗೆ ಥಿನ್ನರ್ ಹಾಕಿ ನಾಲ್ಕು ಗೀಟನ್ನೂ ಒರೆಸಿದೆ. ಅಂಗೈ ಚಾಚಿ ಹೊಟ್ಟೆ ಸವರಿದೆ. ನುಣ್ಣಗಿತ್ತು. ಬಗ್ಗಿ ನೋಡಿದೆ. ಉಬ್ಬು ಕೆಳಗೆ, ಸ್ಟಿಕ್ಕರ್ ಮೇಲೆ. ಎಲ್ಲವೂ ಇರಬೇಕಾದ ಹಾಗೇ ಇತ್ತು. ಡಿಕ್ಕಿಗೆ ಒರಗಿ ನಿಂತೆ.

ಕೂಸು ಪಕ್ಕಕ್ಕೆ ಬಂದು ನನ್ನ ಬೆನ್ನು ಸವರಿದಳು.

"ಸುಮ್ಮನೆ ಗಾಬರಿಯಾಗ್ತೀರಲ್ಲ ಅತ್ತೆ. ನನ್ನ ರೆಕ್ಕೆನ ಯಾರೂ ಮಗುಚಿಲ್ಲ."

ನಾನೂ ನಕ್ಕೆ. ನಗುತ್ತಲೇ ಆ ಮಾತು ಇನ್ನೊಂದು ಸಲ ಕಿವಿಯೊಳಗೆ ಬಿದ್ದಿತು.

ಮಗುಚಿಲ್ಲ.

ಪೊಲೀಸರು ಬರೆದದ್ದು ತಪಾಸಣೆಯಲ್ಲಿ ಲೋಪ ಎಂದಷ್ಟೇ. ವರ್ಕ್‌ಶಾಪಿನವರ ಬಾಯಲ್ಲಿದ್ದದ್ದು ಬೋಲ್ಟು ಸಡಿಲಾಗಿತ್ತು ಎಂದು. ರೆಕ್ಕೆ ಮಗುಚಿತ್ತು ಎಂದು ತಿಳಿದದ್ದು ಇವತ್ತು, ಅದೂ ಮೂರೇ ಜನಕ್ಕೆ. ಒಬ್ಬ ಚಿಲಕ ಹಾಕಿದ ಶೆಡ್ಡಿನೊಳಗಿದ್ದಾನೆ, ಅವನ ಫೋನ್ ನನ್ನ ಚೀಲದಲ್ಲಿದೆ. ಇನ್ನೊಬ್ಬ ನನ್ನ ಭುಜ ಹಿಡಿದುಕೊಂಡೇ ಬಂದ. ಮೂರನೆಯವಳು ನಾನು.

ಬೆಳಿಗ್ಗೆ ಸಂಜೆ ಕಣ್ಣಿಗೆ ಡ್ರಾಪ್ಸ್ ಹಾಕೋದು ಅವಳೇ ತಾನೇ.

ತಲೆಯೆತ್ತಿ ಅವಳ ಮುಖ ನೋಡಿದೆ. ಅವಳೂ ನನ್ನ ಮುಖವನ್ನೇ ನೋಡುತ್ತಿದ್ದಳು. ನಗು ಇನ್ನೂ ಇತ್ತು, ಕಣ್ಣಿನಲ್ಲಿ ಇರಲಿಲ್ಲ. ತಾನು ಏನು ಹೇಳಿದೆ ಎಂಬುದು ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. ಇಪ್ಪತ್ತು ವರ್ಷ ಸಾಕಿದ ಕೂಸಿಗೆ ನಾನು ಹೆದರಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಒಂದು ಹೆಜ್ಜೆ ಹಿಂದಕ್ಕೆ ಸರಿದೆ.

"ಏನಾಯ್ತು ಪುಟ್ಟಿ, ಸರಿ ಇದೆಯಾ?" ಎಂದು ಅಣ್ಣ ಕೇಳಿದ.

"ಸರಿ ಇದೆಯಂತೆ ಅಪ್ಪ" ಎಂದಳು ಅವಳು. "ಬಾ, ಕೂತ್ಕೋ."

ಅದು ಅವರಿಬ್ಬರ ಹಳೆಯ ರೂಢಿ. ಮೊದಲ ಸುತ್ತು ಅಣ್ಣ ಅವಳ ಪಕ್ಕದ ಸೀಟಿನಲ್ಲಿ ಕೂತು ಕಾರಿನ ಸದ್ದು ಕೇಳುತ್ತಾನೆ. ನಾನು ನಿಂತಲ್ಲೇ ನಿಂತಿದ್ದಾಗ ಅವಳು ಅವನ ಮೊಣಕೈ ಹಿಡಿದು, ಬಾಗಿಲು ತೆಗೆದು, ತಲೆಗೆ ಹೆಲ್ಮೆಟ್ ಹಾಕಿ ಕೂರಿಸಿಯಾಗಿತ್ತು. ಬೆಲ್ಟು ಕಟ್ಟಲು ಅವನ ಮೇಲೆ ಬಾಗಿದಳು.

"ಅಣ್ಣ, ಇವತ್ತು ಬೇಡ. ಇಳಿ" ಎಂದೆ. ಇಂಜಿನ್ನಿನ ಸದ್ದಿನಲ್ಲಿ ಅದು ನನಗೇ ಕೇಳಿಸಲಿಲ್ಲ. ಅವನ ಕಿವಿಗೆ ಹೆಲ್ಮೆಟ್ಟು ಬೇರೆ.

ಒಂದು ದಾರಿ ಉಳಿದಿತ್ತು. ಗೀಟಿಲ್ಲದೆ ಗೇಟು ತೆರೆಯುವುದಿಲ್ಲ. ಪೆನ್ನು ನನ್ನ ಮುಷ್ಟಿಯಲ್ಲಿತ್ತು. ಬಿಗಿಯಾಗಿ ಹಿಡಿದುಕೊಂಡೆ.

ಕೂಸು ಹಿಂದಕ್ಕೆ ಬಂದಳು. ಗೇಟಿನವರ ಕಡೆ ಬೆನ್ನು ಮಾಡಿ ನನ್ನೆದುರು ನಿಂತಳು. ಚಿಕ್ಕವಳಿದ್ದಾಗ ನನ್ನ ಕೈಯಿಂದ ಬಾಚಣಿಗೆ ಕಸಿಯುತ್ತಿದ್ದ ಹಾಗೇ, ಒಂದೊಂದೇ ಬೆರಳು ಬಿಡಿಸಿದಳು. ಪೆನ್ನು ತೆಗೆದುಕೊಂಡು ಅವಳೇ ನಾಲ್ಕು ಗೀಟು ಎಳೆದಳು. ನಾಲ್ಕೂ ನೇರವಾಗಿದ್ದವು.

"ಅಪ್ಪ ಜೈಲಿಗೆ ಹೋಗಲ್ಲ ಅತ್ತೆ" ಎಂದಳು, ನನಗೊಬ್ಬಳಿಗೇ ಕೇಳುವಂತೆ. "ನಾನು ಬಿಡಲ್ಲ. ನೀವು ಚಿಂತೆ ಮಾಡ್ಬೇಡಿ."

ಪೆನ್ನನ್ನು ತಿರುಗಿ ನನ್ನ ಅಂಗೈಯಲ್ಲಿಟ್ಟು ಹೋದಳು.

ಗೇಟಿನವರು ಬಗ್ಗಿ ಹಳದಿ ನೋಡಿದರು. ಅಡ್ಡಕಂಬ ಎತ್ತಿದರು. "ನಿಲ್ಲಿಸಿ, ಬಿಡಬೇಡಿ!" ಎಂದು ನನಗೆ ದನಿ ಬಂದದ್ದು ಆಗ. ಅವರು ನನ್ನ ಕಡೆ ತಿರುಗುವಷ್ಟರಲ್ಲಿ ಕಾರು ಕಂಬ ದಾಟಿತ್ತು.

ಅಣ್ಣ ಕಿಟಕಿಯಿಂದ ಕೈ ಹೊರಗೆ ಹಾಕಿ ಹೆಬ್ಬೆರಳು ಎತ್ತಿದ. ನಾನು ನಿಂತಿದ್ದ ಕಡೆಗಲ್ಲ, ಎದುರಿನ ಖಾಲಿ ಗೋಡೆಯ ಕಡೆಗೆ.

ಅವನ ಬಾಗಿಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಸೀಟ್ ಬೆಲ್ಟು, ಬಕಲ್ ಸಮೇತ, ನೆಲಕ್ಕೆ ಬಡಿಯುತ್ತ ಉದ್ದನೆಯ ತಿರುವಿನ ಕಡೆಗೆ ಹೋಯಿತು.